ಶ್ರಾವಣದಲ್ಲಿ ಸಿಕ್ಕ ಬಾರ್ಬೆಕ್ಯೂ

ಆ ಅಂಗಡಿಯನ್ನು ಮೊದಲು ಕಂಡವರು ಯಾರು ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನಾನೇ ಎಂದು ನಾನು ಹೇಳುತ್ತೇನೆ. ಹೆಂಡತಿ ನಗುತ್ತಾಳೆ. ಶಾಲೆಯ ವ್ಯಾನಿನಿಂದ ದಿನಾ ನೋಡುತ್ತಿದ್ದೆ, ನೀವು ಯಾರೂ ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ ಎಂಬುದು ಮಗಳ ವಾದ. ನನ್ನ ಕಡೆ ಇರುವ ಸಾಕ್ಷಿ ಮೂಗೊಂದೇ. ಮಳೆ ಹೊಳವಾದ ಒಂದು ಸಂಜೆ ಹಾಲು ತರಲು ಹೊರಟವನು, ಮಸಾಲೆ ಮೆತ್ತಿದ ಕೋಳಿ ಕೆಂಡದ ಮೇಲೆ ಸುಡುವ ವಾಸನೆ ಹಿಡಿದು ಆ ಗಲ್ಲಿಗೆ ತಿರುಗಿದೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರ್ ಎಂದದ್ದೂ ಕಿವಿಯಲ್ಲಿದೆ. ಆದರೆ ಅದು ಶ್ರಾವಣ. ಆ ತಿಂಗಳಿಡೀ ಅಲ್ಲಿ ಕೋಳಿ ಸುಟ್ಟಿರಲೇ ಇಲ್ಲ. ಇದು ನನಗೆ ಆಮೇಲೆ ತಿಳಿದ ಸಂಗತಿ. ತಿಳಿದ ಮೇಲೂ ನೆನಪು ಆ ವಾಸನೆಯನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ. ಹಾಗಾಗಿ ಇಲ್ಲಿ ಮೂವರಿಗೂ ನೆನಪಿರುವುದನ್ನೇ ಹೆಚ್ಚು ನೆಚ್ಚಿಕೊಳ್ಳುತ್ತೇನೆ. ನನಗೊಬ್ಬನಿಗೇ ನೆನಪಿರುವುದು ಬಂದರೆ ಹಾಗೆಂದು ಹೇಳಿಬಿಡುತ್ತೇನೆ.

ಅದಕ್ಕೂ ಮುಂಚೆ ನಾವು ನಾಸಿಕ್‌ನಲ್ಲಿದ್ದೆವು. ನನ್ನದು ಬ್ಯಾಂಕಿನ ಕೆಲಸ, ವರ್ಗವಾದಲ್ಲೆಲ್ಲ ಮನೆ. ಅಲ್ಲಿ ಹೆದ್ದಾರಿ ಪಕ್ಕದ ಒಂದು ಮಾಲಿನ ಮೇಲಂತಸ್ತಿನಲ್ಲಿ ದೊಡ್ಡ ಬಾರ್ಬೆಕ್ಯೂ ಹೋಟೆಲಿತ್ತು. ಪ್ರತಿ ಮೇಜಿನ ನಡುವೆ ಒಂದು ಕುಳಿ, ಕುಳಿಯಲ್ಲಿ ಕೆಂಡದ ಪೆಟ್ಟಿಗೆ, ಅದರ ಮೇಲೆ ಸಾಲಾಗಿ ಕಬ್ಬಿಣದ ಕಡ್ಡಿಗಳು. ಮೇಜಿನ ತುದಿಗೊಂದು ಪುಟ್ಟ ಬಾವುಟ. ಅದು ನಿಂತಿರುವ ತನಕ ಕಡ್ಡಿಗಳು ಬರುತ್ತಲೇ ಇರುತ್ತವೆ, ಸಾಕಾದರೆ ಮಲಗಿಸಬೇಕು. ಮಗಳಿಗೆ ಆ ಬಾವುಟವೆಂದರೆ ಪ್ರಾಣ. ತಲೆಗಿಷ್ಟು ಎಂದು ದರ. ಎಷ್ಟು ತಿಂದರೂ ಅಷ್ಟೇ, ಎಷ್ಟು ಬಿಟ್ಟರೂ ಅಷ್ಟೇ. ಮೊಟ್ಟೆಯನ್ನೂ ಮುಟ್ಟದ ನನ್ನ ಹೆಂಡತಿ ಅನಾನಸಿನ ಹೋಳು, ಪನೀರು, ಅಣಬೆ ತಿಂದು, ನಾನು ಕುರಿ ಕೋಳಿ ಎಲ್ಲ ತಿಂದು, ಇಬ್ಬರಿಗೂ ಒಂದೇ ದರ ತೆತ್ತು ಬರುತ್ತಿದ್ದೆವು. ವರ್ಷಕ್ಕೊಮ್ಮೆ ಮಾತ್ರ, ಮಗಳ ಹುಟ್ಟುಹಬ್ಬಕ್ಕೆ. ಅವಳು ಹುಟ್ಟಿದ್ದು ಶ್ರಾವಣದಲ್ಲಿ. ಆದರೆ ಮಾಲಿನೊಳಗೆ ಯಾವ ಮಾಸವೂ ಇರುತ್ತಿರಲಿಲ್ಲ, ಏರ್‌ಕಂಡೀಷನ್ ಇರುತ್ತಿತ್ತು.

ವಾಪಸು ಬರುವಾಗ ನಾನು ಬಿಲ್ಲಿನ ಗುಂಗಿನಲ್ಲಿರುತ್ತಿದ್ದೆ. ಹೆಂಡತಿ ಬೇರೊಂದು ಗುಂಗಿನಲ್ಲಿ. ಒಮ್ಮೆ ಆಟೋದಲ್ಲಿ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: “ಎಷ್ಟು ಮಂದಿ ಒಂದ ಬೆಂಕಿ ಸುತ್ತ ಕುಂತು ತಿಂತಾರ ನೋಡ್ರಿ. ಲಗ್ನ ಆದಮ್ಯಾಲೆ ನಮ್ಮಪ್ಪ ನಾನು ಒಂದ ಸಲನೂ ಹಂಗ ಕುಂತಿಲ್ಲ.”

ನಾವು ಪರಿಚಯವಾದದ್ದು ಧಾರವಾಡದಲ್ಲಿ, ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಕ್ಲಾಸಿನಲ್ಲಿ. ನನ್ನದು ಭಾನುವಾರ ಬಂದರೆ ಮಸಾಲೆ ಅರೆಯುವ ಮನೆ. ಅವಳದು ಗದಗದ ಕಡೆ, ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟದ ಮನೆ. ಮಾವ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ನಮ್ಮ ಮದುವೆಗೆ ಬರಲಿಲ್ಲ. ಮೊಮ್ಮಗಳು ಹುಟ್ಟಿದ ಮೇಲೆ ವರ್ಷಕ್ಕೊಮ್ಮೆ, ಪುಷ್ಯ ಮಾಸದಲ್ಲಿ, ತ್ರ್ಯಂಬಕೇಶ್ವರನ ದರ್ಶನದ ನೆವದಲ್ಲಿ ಬರತೊಡಗಿದರು. ಬರುವಾಗ ಪಂಚೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಸ್ಟೀಲಿನ ಬಾಟಲಿ. ನಮ್ಮ ಹಾಲಿನಲ್ಲಿ ಕೂತು ತಮ್ಮ ಬುತ್ತಿ ತಾವೇ ಬಿಚ್ಚಿ, ತಾವೊಬ್ಬರೇ ತಿನ್ನುತ್ತಿದ್ದರು. ನೀರಿಗೆ ಹತ್ತಿರದ ಯಾವುದಾದರೂ ಗುಡಿಯ ನಲ್ಲಿ. ಹೀಗೆ ಮಾಡುತ್ತೇನೆಂದು ಅವರು ಎಂದೂ ಹೇಳಲಿಲ್ಲ. ಯಾಕೆಂದು ನಾವು ಎಂದೂ ಕೇಳಲಿಲ್ಲ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಹಾಗಾಗಿ ಬುತ್ತಿ ಮುಗಿದು ನಮ್ಮ ತಟ್ಟೆಗೆ ಕೈ ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ.

ಬಾಳೆಹಣ್ಣು ಕೊಟ್ಟರೆ ತಿನ್ನುತ್ತಿದ್ದರು, ತಾವೇ ಸುಲಿದು. ಅವರ ಲೆಕ್ಕಾಚಾರ ಹೆಂಡತಿಗೆ ಬಾಯಿಪಾಠ. ನೀರು ಹಾಕಿ ಬೇಯಿಸಿದ್ದೆಲ್ಲ ಮುಸುರೆ. ಅದು ನಮ್ಮ ಪಾತ್ರೆಯದಾದರೆ ಮುಟ್ಟುವಂತಿಲ್ಲ. ಹಣ್ಣು, ಹುರಿದ ಕಾಳು, ಕೆಂಡದಲ್ಲಿ ಸುಟ್ಟದ್ದು ಇವಕ್ಕೆ ಮುಸುರೆ ಇಲ್ಲ. ಇದನ್ನು ನೆನೆದೇ ಅವಳು ಒಂದು ವರ್ಷ ಶೇಂಗಾ ಹುರಿದು ಮುಂದಿಟ್ಟಳು. ಮಾವ ಶೇಂಗಾ ನೋಡಲಿಲ್ಲ, ಅಡಿಗೆಮನೆಯ ಬಾಗಿಲಿನಿಂದ ಕಾಣುತ್ತಿದ್ದ ಬಾಣಲೆ ನೋಡಿದರು. ಹಲ್ಲು ನೋಯುತ್ತಿದೆ ಎಂದರು.

ಅವಳಿಗೆ ಬೇಕಾಗಿದ್ದದ್ದು ಹೆಚ್ಚೇನೂ ಅಲ್ಲ. ಅಪ್ಪ ಒಮ್ಮೆ ತನ್ನ ಪಕ್ಕದಲ್ಲಿ ಕೂತು ತನ್ನ ಕೈಯಿಂದ ಏನಾದರೂ ತಿನ್ನಬೇಕು. ಕ್ಷಮೆ, ಒಪ್ಪಿಗೆ ಇಂಥ ದೊಡ್ಡ ಮಾತುಗಳನ್ನು ಅವಳು ಆಡಿದ್ದು ನನಗೆ ಗೊತ್ತಿಲ್ಲ.

ಸಂಭಾಜಿನಗರಕ್ಕೆ ವರ್ಗವಾಗಿ ಬಂದದ್ದು ಮಳೆಗಾಲದ ಹೊಸ್ತಿಲಲ್ಲಿ. ಚಿಕಲಠಾಣಾ ಕಡೆ ಮನೆ ಸಿಕ್ಕಿತು. ವಿಮಾನ ಇಳಿಯುವಾಗ ಟಿವಿಯ ಮಾತು ಕೇಳುವುದಿಲ್ಲ, ಉಳಿದಂತೆ ಎಲ್ಲ ಅನುಕೂಲ. ಮನೆ ಬದಲಿಸಿದ ಖರ್ಚಿನಲ್ಲಿ ಆ ವರ್ಷ ಕೈ ಬಿಗಿಯಿತ್ತು. ಹುಟ್ಟುಹಬ್ಬ ಹತ್ತಿರ ಬಂದಂತೆ ಮಗಳು ಬಾವುಟದ ಹೋಟೆಲ್ ಇಲ್ಲೂ ಇದೆಯೇ ಎಂದು ಕೇಳತೊಡಗಿದಳು. ಇತ್ತು. ನಾನು ವಿಚಾರಿಸುತ್ತೇನೆ ಎಂದು ಹೇಳಿ ವಿಚಾರಿಸದೆ ಉಳಿದೆ.

ಆಗ ಸಿಕ್ಕಿದ್ದು ಆ ಅಂಗಡಿ. ಕಂಡವರು ಯಾರೇ ಇರಲಿ, ಒಳಗೆ ಹೋದದ್ದು ಮೂವರೂ ಒಟ್ಟಿಗೆ, ಹುಟ್ಟುಹಬ್ಬದ ಸಂಜೆ. ಎರಡು ಮನೆಗಳ ನಡುವಿನ ಖಾಲಿ ಜಾಗ, ಮೇಲೆ ಅರ್ಧದಷ್ಟು ತಗಡು. ಪ್ಲಾಸ್ಟಿಕ್ ಕುರ್ಚಿಗಳು, ಕೆಂಪು ಎನ್ನುತ್ತೇನೆ ನಾನು, ನೀಲಿ ಎನ್ನುತ್ತಾಳೆ ಮಗಳು. ಮುಂದುಗಡೆ ಉದ್ದಕ್ಕೆ ಸೀಳಿದ ಒಂದು ಎಣ್ಣೆಯ ಡ್ರಮ್ಮು. ಅದಕ್ಕೆ ನಾಲ್ಕು ಕಾಲು ಬೆಸೆದು, ಹೊಟ್ಟೆಗೆ ಇದ್ದಿಲು ತುಂಬಿ, ಮೇಲೆ ಜಾಲರಿ ಹಾಸಿದ್ದರು. ಡ್ರಮ್ಮಿನ ಮೈಮೇಲೆ ಬಿಸ್ಕತ್ತಿನ ಪೊಟ್ಟಣದ ಮೇಲಿರುವಂಥದೇ ಒಂದು ಹಸಿರು ಚುಕ್ಕೆ, ತಟ್ಟೆಯಷ್ಟು ಅಗಲದ್ದು. ಅಂಗಡಿಯವನು ಮೊದಲು ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ವೆಲ್ಡಿಂಗ್ ಮಾಡುತ್ತಿದ್ದವನು. ಗುತ್ತಿಗೆ ಮುಗಿದ ಮೇಲೆ ಈ ಡ್ರಮ್ಮು ಬೆಸೆದು ಕೂತ. ಇದನ್ನೆಲ್ಲ ಅವನು ಕೇಳದೆಯೇ ಹೇಳಿದ. ಕೆಂಡದ ಮುಂದೆ ಕೂತಿದ್ದವಳು ಅವನ ತಾಯಿ, ಎಲ್ಲರ ಬಾಯಲ್ಲೂ ಆಯಿ. ಕೊರಳಲ್ಲಿ ತುಳಸಿಮಾಲೆ, ಪಂಢರಪುರಕ್ಕೆ ನಡೆದು ಹೋಗುವವಳು, ಮಾಂಸ ಮುಟ್ಟುವವಳಲ್ಲ.

ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆ, ಆಲೂಗಡ್ಡೆ, ಪನೀರು, ಅನಾನಸು. ಅಕ್ಕಪಕ್ಕದ ಮನೆಯವರು ಭರೀತವೆಂಬ ಗೊಜ್ಜು ಮಾಡಲು ತಮ್ಮ ಬದನೆಕಾಯಿಗಳನ್ನು ತಂದು ಆಯಿಯ ಕೈಗೆ ಕೊಟ್ಟು ಸುಡಿಸಿಕೊಂಡು ಹೋಗುತ್ತಿದ್ದರು. ಮೂಲೆಯಲ್ಲಿ ಏನೋ ಒಂದನ್ನು ನೀಲಿ ತಾಡಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಬೋರ್ಡಿಗೂ ಅರ್ಧಕ್ಕೆ ತಾಡಪಾಲು ಇಳಿಬಿದ್ದಿತ್ತು. ಮಳೆಗಾಲ, ನೆನೆಯದಿರಲಿ ಎಂದು ಇರಬೇಕು ಅಂದುಕೊಂಡೆವು.

ಕೋಳಿ ಇಲ್ಲವೇ ಎಂದು ನಾನು ಕೇಳಿದೆನೇ? ಕೇಳಿರಬೇಕು. ಕೇಳಿದ್ದರೆ ಇಡೀ ಕತೆಯೇ ಆಗುತ್ತಿರಲಿಲ್ಲ ಎನ್ನುತ್ತಾಳೆ ಹೆಂಡತಿ. ಬಹುಶಃ ನಾನು ಸುತ್ತ ಒಮ್ಮೆ ನೋಡಿ, ತುಳಸಿಮಾಲೆ ನೋಡಿ, ಹಸಿರು ಚುಕ್ಕೆ ನೋಡಿ, ತೆಪ್ಪಗೆ ಆಲೂಗಡ್ಡೆಗೆ ಕೈ ಹಾಕಿರಬೇಕು. ಆಲೂಗಡ್ಡೆ ಬಹಳ ಚೆನ್ನಾಗಿತ್ತು. ನಿಂಬೆ, ಉಪ್ಪು, ಖಾರ ಬಿಟ್ಟರೆ ಅದಕ್ಕೆ ಬೇರೇನೂ ಹಾಕಿರಲಿಲ್ಲ. ನಾಸಿಕ್‌ನಲ್ಲಿ ಒಬ್ಬರಿಗೆ ಆಗುತ್ತಿದ್ದ ಖರ್ಚಿನಲ್ಲಿ ಇಲ್ಲಿ ಮೂವರದೂ ಮುಗಿದು ಮನೆಗೆ ನಾಲ್ಕು ತೆನೆ ಕಟ್ಟಿಸಿಕೊಂಡೆವು. ಮಗಳು ಟೂತ್‌ಪಿಕ್ಕಿಗೆ ಟಿಶ್ಯೂ ಸಿಕ್ಕಿಸಿ ತನ್ನದೇ ಬಾವುಟ ಮಾಡಿ ಆಲೂಗಡ್ಡೆಗೆ ಚುಚ್ಚಿದಳು. ಆಯಿ ಅದನ್ನು ನೋಡಿ, ತೆಗೆ ಅದನ್ನ, ಬೆಂಕಿ ಹತ್ತೀತು ಎಂದು ಮರಾಠಿಯಲ್ಲಿ ಗದರಿದಳು.

ಹೆಂಡತಿ ಮಾತ್ರ ತಿನ್ನುವುದನ್ನು ಬಿಟ್ಟು ಡ್ರಮ್ಮು ನೋಡುತ್ತಿದ್ದಳು. ಪಾತ್ರೆ ಇಲ್ಲ, ಬಾಣಲೆ ಇಲ್ಲ, ನೀರಿಲ್ಲ. ಬರೀ ಕೆಂಡ, ಜಾಲರಿ, ತೆನೆ.

“ಅಪ್ಪ ಇಲ್ಲಿ ತಿನ್ನಬಹುದು,” ಎಂದಳು.

ಅಂದೇ ಫೋನ್ ಮಾಡಿದಳು. ನಾನು ಕೇಳಿದ್ದು ಈ ಕಡೆಯ ಮಾತಷ್ಟೇ. ತುಳಸಿಮಾಲೆಯ ಆಯಿ, ಸುಟ್ಟ ತೆನೆ, ಪೂರಾ ಶುದ್ಧ, ಪುಷ್ಯಕ್ಕೆ ಬಂದಾಗ ಹೋಗೋಣ, ಎಂದೆಲ್ಲ. ಆ ಕಡೆಯಿಂದ ಬಂದ ಉತ್ತರ ಏನೆಂದು ಕೇಳಿದೆ. ಹೂಂ ಅಂದರು ಎಂದಳು. ಅವರ ಹೂಂ ಎಂದರೆ ಹೌದು ಅಲ್ಲ. ಆದರೆ ಉಳಿದ ಸಲ ಅದೂ ಬರುತ್ತಿರಲಿಲ್ಲ.

ಗಣಪತಿ ಮುಳುಗಿದ ಮರುದಿನ ಬದನೆಕಾಯಿ ಸುಡಿಸಲು ನಾನೊಬ್ಬನೇ ಹೋದೆ. ಮೂಲೆಯ ತಾಡಪಾಲು ಇರಲಿಲ್ಲ. ಅದರಡಿಯಲ್ಲಿ ಇದ್ದದ್ದು ಇನ್ನೊಂದು ಡ್ರಮ್ಮು, ಹಸಿರಿನದಕ್ಕಿಂತ ದೊಡ್ಡದು, ಮೈಮೇಲೆ ಕೆಂಪು ಚುಕ್ಕೆ. ಜಾಲರಿಯ ತುಂಬ ಕೋಳಿಯ ಕಾಲುಗಳು. ಬೋರ್ಡಿನ ಮರೆಯಾಗಿದ್ದ ಅರ್ಧದಲ್ಲಿ ಉರಿಯ ನಡುವೆ ಒಂದು ಹುಂಜ ನಿಂತಿತ್ತು, ತನ್ನನ್ನೇ ಸುಡುತ್ತಿದ್ದಾರೆಂಬ ಅರಿವಿಲ್ಲದೆ ನಗುತ್ತ. ಅಂಗಡಿಯವನು ನನ್ನನ್ನು ನೋಡಿ ಕೈ ಎತ್ತಿದ.

“ಸರ್, ಆತಾ ಖರಂ ದುಕಾನ್ ಸುರೂ,” ಎಂದ. ಈಗ ನಿಜವಾದ ಅಂಗಡಿ ಶುರುವಾಯಿತು ಎಂದು.

ಆಮೇಲೆ ತಿಳಿಯಿತು, ಶ್ರಾವಣ ಹಿಡಿದು ಗಣಪತಿ ಮುಳುಗುವ ತನಕ ಕೆಂಪು ಡ್ರಮ್ಮಿಗೆ ರಜೆ. ಗಲ್ಲಿಯವರೆಲ್ಲರಿಗೂ ಗೊತ್ತಿದ್ದ ವಿಷಯ. ಹೊರಗಿನಿಂದ ಬಂದ ನಾವು ಮಾತ್ರ ರಜೆಯನ್ನೇ ಅಂಗಡಿ ಎಂದು ತಿಳಿದಿದ್ದೆವು. ಎರಡಕ್ಕೂ ಚಿಮಟ ಬೇರೆ, ತಟ್ಟೆ ಬೇರೆ, ಇದ್ದಿಲಿನ ಚೀಲವೂ ಬೇರೆ. ಮಗ ಕೆಂಪು ಡ್ರಮ್ಮು ಬಿಟ್ಟು ಹಸಿರಿನ ಹತ್ತಿರ ಬರಬೇಕಾದರೆ ಕೈ ತೊಳೆಯಬೇಕು. ಮರೆತರೆ ಆಯಿ ಇಕ್ಕಳ ಎತ್ತುತ್ತಾಳೆ.

ನಾನು ಅಲ್ಲೇ ನಿಂತು ಒಂದು ಕಾಲು ತಿಂದೆ. ಮೇಲೆ ಕರಕಲು, ಒಳಗೆ ಮೆತ್ತಗೆ, ಸುಟ್ಟ ಬೆಳ್ಳುಳ್ಳಿಯ ಘಮ. ಮೊದಲ ದಿನದ್ದೆಂದು ನಾನು ಹಟ ಹಿಡಿದಿರುವ ವಾಸನೆ ಈ ದಿನದ್ದೇ ಇರಬೇಕು. ನೆನಪು ಅದನ್ನು ಎತ್ತಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಖುಷಿಯಾಗಿದ್ದಂತೂ ನಿಜ. ಮನೆಯಿಂದ ಎರಡು ಹೆಜ್ಜೆಯಲ್ಲಿ, ನನ್ನ ಸಂಬಳಕ್ಕೆ ಹೊಂದುವ ಕೆಂಡದ ಕೋಳಿ. ಎರಡನೆಯ ಕಾಲಿನ ನಡುವೆ ಮಾವ ನೆನಪಾದರು.

ಸುದ್ದಿ ಹೇಳಿದಾಗ ಹೆಂಡತಿ ಬದನೆಕಾಯಿಯ ಸುಟ್ಟ ಸಿಪ್ಪೆ ಸುಲಿಯುತ್ತಿದ್ದಳು. ಸುಲಿಯುವುದು ನಿಲ್ಲಲಿಲ್ಲ.

“ನಾ ಪೂರಾ ಶುದ್ಧ ಅಂತ ಹೇಳೇನಿ,” ಎಂದಳು.

ಅವರು ಬಂದಿರುವುದು ಒಂದು ವಾರದ ಮಟ್ಟಿಗೆ, ಒಂದು ಸಂಜೆ ತಾಡಪಾಲು ಹೊದಿಸಲು ಅಂಗಡಿಯವನಿಗೆ ಹೇಳಿದರಾಯಿತು ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ನಾನು ಆ ವಿಚಾರವನ್ನು ಮುಂದುವರಿಸಲಿಲ್ಲ. ಮುಚ್ಚಿಟ್ಟು ತಿನ್ನಿಸಿದರೆ ತಿಂದ ಹಾಗಾಗುವುದಿಲ್ಲ ಎಂಬುದು ಅವಳ ನಿಲುವು. ಫೋನಿನಲ್ಲಿ ಹೇಳುತ್ತೇನೆ ಎಂದಳು. ದಸರೆ ಆಯಿತು, ದೀಪಾವಳಿ ಆಯಿತು. ಪ್ರತಿ ಸಲವೂ ಫೋನಿಡುವ ಮುಂಚೆ ಮಾವ, “ಆ ತೆನಿ ಅಂಗಡಿ ಚಲೊ ನಡದೈತಲಾ?” ಎಂದು ಕೇಳುವರು. ನಡದೈತ್ರಿ ಅಪ್ಪಾ, ಎನ್ನುವಳು ಇವಳು. ಸುಳ್ಳಲ್ಲ, ಬಹಳ ಚೆನ್ನಾಗಿ ನಡೆದಿತ್ತು. ನಾನೂ ಮಗಳೂ ವಾರಕ್ಕೊಮ್ಮೆ ಅದಕ್ಕೆ ನಮ್ಮ ಕೈಲಾದದ್ದು ಮಾಡುತ್ತಿದ್ದೆವು. ಇವಳೂ ಬಂದು ಆಯಿಯ ಪಕ್ಕದಲ್ಲಿ ಕೂತು ಆಲೂಗಡ್ಡೆ ತಿನ್ನುತ್ತಿದ್ದಳು. ನಾನು ಹೇಗೋ ಹೇಳಿಬಿಡು ಎಂದರೆ, ಹೇಳಿದರೆ ಬರುವುದನ್ನೇ ಬಿಟ್ಟಾರು ಎನ್ನುತ್ತಿದ್ದಳು.

ಚಳಿ ಬಿದ್ದ ಮೇಲೆ ಅಂಗಡಿಗೆ ಜೋಳದ ಎಳೆ ತೆನೆ ಬಂತು. ಹಾಲುಗಾಳಿನ ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿಬಿಸಿ ಕಾಳನ್ನು ಬೆಲ್ಲ, ಚಟ್ನಿಯ ಜೊತೆ ತಿನ್ನುವುದು. ನಮ್ಮ ಕಡೆ ಸೀತನಿ, ಇಲ್ಲಿ ಹುರಡಾ. ಇದಕ್ಕೆ ಆಯಿ ಡ್ರಮ್ಮನ್ನು ಒಪ್ಪುತ್ತಿರಲಿಲ್ಲ. ಹಸಿರು ಡ್ರಮ್ಮಿನ ಪಕ್ಕದ ನೆಲದಲ್ಲಿ ಕುಳಿ ತೋಡಿಸಿ, ಸಗಣಿಯ ಕುಳ್ಳು ಉರಿಸಿ, ಅದರ ಕೆಂಡದಲ್ಲಿ ತೆನೆ ಹುಗಿಯುತ್ತಿದ್ದಳು. ಇಡೀ ಗಲ್ಲಿಗೆ ಹೊಲದ ವಾಸನೆ. ಅದನ್ನು ಮೊದಲ ಸಲ ಮೂಸಿದ ದಿನ ಹೆಂಡತಿ ಕೂತಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದು ನನಗೊಬ್ಬನಿಗೇ ನೆನಪಿರುವುದು. ಹೊಗೆಗೆ ಕಣ್ಣು ಉರಿದಿರಬೇಕು ಅನ್ನುತ್ತಾಳೆ ಅವಳು.

ಪುಷ್ಯದಲ್ಲಿ ಮಾವ ಬಂದರು. ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿ, ಈ ಸಲ ತ್ರ್ಯಂಬಕೇಶ್ವರದ ಬದಲು ವೇರೂಳಿನ ಘೃಷ್ಣೇಶ್ವರನ ನೆವದಲ್ಲಿ. ಅದೇ ಪಂಚೆಯ ಗಂಟು, ಅದೇ ಬಾಟಲಿ. ಕಾಲೊನಿಯ ಮೂಲೆಯ ಮಾರುತಿ ಗುಡಿಯ ನಲ್ಲಿ ಎಲ್ಲಿದೆ ಎಂದು ಕಂಡುಕೊಂಡು ಬೆಳಗ್ಗೆ, ಸಂಜೆ ತಾವೇ ಹೋಗಿ ನೀರು ತುಂಬಿಕೊಂಡು ಬರುತ್ತಿದ್ದರು. ನನ್ನ ಜೊತೆ ನೇರ ಮಾತಿಲ್ಲ. ನನಗೆ ಹೇಳಬೇಕಾದದ್ದನ್ನು ಮೊಮ್ಮಗಳಿಗೆ ಹೇಳುತ್ತಿದ್ದರು, ನಿಮ್ಮಪ್ಪ ಇವತ್ತ ಬ್ಯಾಂಕಿಗೆ ಹೋಗೂದಿಲ್ಲೇನು, ಹೀಗೆ. ಅವಳು ಅದನ್ನು ಅರ್ಧ ಮರಾಠಿ ಮಾಡಿ ನನಗೆ ದಾಟಿಸುವಳು.

ಬಂದ ಮೊದಲ ದಿನ ಹೆಂಡತಿ ಹೇಳಲಿಲ್ಲ. ಎರಡನೆಯ ದಿನ ಸಂಜೆ ಮಾವ ತಾವೇ ಎದ್ದು ಚಪ್ಪಲಿ ಮೆಟ್ಟಿದರು. “ನಡೀರಿ, ಆ ತೆನಿ ಅಂಗಡಿ ನೋಡೂಣು.”

ಗೇಟಿನಲ್ಲಿ ಹೆಂಡತಿ ನಿಂತುಬಿಟ್ಟಳು.

“ಅಪ್ಪಾ, ಒಂದ ಮಾತು ಹೇಳೂದೈತ್ರಿ. ಅಲ್ಲಿ ಮಾಂಸಾನೂ ಸುಡತಾರ. ಶ್ರಾವಣದಾಗ ಮುಚ್ಚಿಟ್ಟಿದ್ರು, ನನಗ ಗೊತ್ತಾಗಲಿಲ್ಲ. ಬ್ಯಾರೆ ಒಲಿ, ಬ್ಯಾರೆ ಕೈ. ಆದ್ರೂ ಅಲ್ಲೇ ಸುಡತಾರ.”

ಮಾವ ಬಾಟಲಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

“ನಿನ್ನಿ ಸಂಜಿಗೆ ನೀರಿಗೆ ಹೋದಾಗ ಆ ಗಲ್ಲಿ ಹಾದ ಬಂದೇನಿ,” ಎಂದರು. “ನನಗೂ ಮೂಗು ಐತಿ.”

ಹೇಳಿ ಮುಂದೆ ನಡೆದರು. ನಾವು ಹಿಂದೆ. ಅವರು ಗಲ್ಲಿಗೆ ತಿರುಗುತ್ತಾರೋ ನೇರ ಗುಡಿಯ ಕಡೆ ಹೋಗುತ್ತಾರೋ ಎಂದು ಹೆಂಡತಿ ನನ್ನ ತೋಳು ಹಿಡಿದಳು. ಬೀದಿಯಲ್ಲಿ ಅವಳು ಹಾಗೆ ಹಿಡಿಯುವವಳಲ್ಲ. ಮಾವ ಗಲ್ಲಿಗೆ ತಿರುಗಿದರು.

ಅಂಗಡಿಯಲ್ಲಿ ಕುರ್ಚಿಗಳ ಕಡೆ ನೋಡಲೂ ಇಲ್ಲ. ಕೆಂಪು ಡ್ರಮ್ಮಿನಿಂದ ಆದಷ್ಟು ದೂರದ ಗೋಡೆಯ ಬದಿಯಿಂದ ಸುತ್ತು ಹಾಕಿ ಆಯಿಯ ಕುಳಿಯ ಹತ್ತಿರ ಹೋದರು. ಕೊರಳಿನ ಮಾಲೆ ನೋಡಿದರು, ಕುಳ್ಳಿನ ಬೂದಿ ನೋಡಿದರು, ಬಗ್ಗಿ ಒಂದು ಹಸಿ ತೆನೆ ಎತ್ತಿ ಕಾಳನ್ನು ಉಗುರಿನಿಂದ ಒತ್ತಿ ಹಾಲು ನೋಡಿದರು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತರು. ನೀವು ಯಾರು, ಎಲ್ಲಿಯವರು ಎಂದೇನೂ ಆಯಿ ಕೇಳಲಿಲ್ಲ. ಸುಟ್ಟ ತೆನೆ ತಿಕ್ಕಿ, ಮುತ್ತುಗದ ಎಲೆಯ ಮೇಲೆ ಕಾಳು ಸುರಿದು ಅವರ ಮುಂದೆ ತಳ್ಳಿದಳು.

“ಗರಮ್ ಹಾಯ್, ಹಳೂ ಖಾವಾ.” ಬಿಸಿ ಇದೆ, ನಿಧಾನವಾಗಿ ತಿನ್ನಿ ಎಂದು.

ಮಾವ ಕಾಳನ್ನು ಮುಟ್ಟಲಿಲ್ಲ. ಮುಗಿಯಿತು, ಇನ್ನು ಹಲ್ಲು ನೋವು ಎನ್ನುತ್ತಾರೆ ಎಂದುಕೊಂಡೆ. ಅವರು ಎಲೆಯನ್ನು ಮೊಮ್ಮಗಳ ಕಡೆ ಸರಿಸಿ, ನಿಂತೇ ಇದ್ದ ತಮ್ಮ ಮಗಳನ್ನು ನೋಡಿದರು.

“ನಿನಗ ತಿಕ್ಕಾಕ ಬರತೈತೋ ಇಲ್ಲೋ ಇನ್ನ? ಬ್ಯಾಂಕಿನವರ ಮನಿಗೆ ಬಂದು ಮರತೀಯೇನು?”

ಅವಳು ಕೂತಳು. ಕುಳಿಯಿಂದ ಬರುವ ತೆನೆ ಕೆಂಡದಷ್ಟೇ ಬಿಸಿ. ಆಯಿಯ ಅಂಗೈ ಒಣ ಚರ್ಮ, ಇವಳದಲ್ಲ. ತೆನೆಯನ್ನು ಈ ಕೈಗೂ ಆ ಕೈಗೂ ಹಾರಿಸುತ್ತ, ಹುಶ್ ಹುಶ್ ಎನ್ನುತ್ತ ತಿಕ್ಕಿದಳು. ಅಂಗೈ ಅರ್ಧ ತೆರೆದು ಊದಿದಳು. ಹೊಟ್ಟು ಹಾರಿ ಮಾವನ ಮೀಸೆಯ ಮೇಲೆ ಕೂತಿತು. ಸಣ್ಣಗೆ ಊದು, ಕಾಳೂ ಹಾರಿ ಹೊಕ್ಕಾವು, ಎಂದು ಮಾಸ್ತರರ ದನಿಯಲ್ಲಿ ತಿದ್ದಿದರು. ಮತ್ತೆ ಊದಿದಳು. ಹಸಿರು ಕಾಳು ಅಂಗೈಯಲ್ಲಿ ಉಳಿದವು. ಮಾವ ಕೈ ಚಾಚಿದರು. ಅವಳ ಕೈಯಿಂದ ಅವರ ಕೈಗೆ, ಅಲ್ಲಿಂದ ಬಾಯಿಗೆ. ಅಗಿಯುತ್ತ ಕುಳಿಯನ್ನೇ ನೋಡುತ್ತಿದ್ದರು. ನುಂಗಿ, ಮತ್ತೆ ಕೈ ಚಾಚಿದರು.

ಇಲ್ಲಿ ನಾನು ಬರೆಯಬೇಕೆಂದಿರುವ ಮೌನ ಆಗ ಇರಲೇ ಇಲ್ಲ. ವಿಮಾನವೊಂದು ಇಳಿಯಿತು, ಯಾರೋ ಅಂಗಡಿಯವನ ಜೊತೆ ಲಿಂಬೆಹಣ್ಣಿನ ಹೋಳಿಗಾಗಿ ಜಗಳವಾಡುತ್ತಿದ್ದರು, ಮಗಳು ಫೋಟೋ ತೆಗೆಯುತ್ತಿದ್ದಳು. ಆ ಫೋಟೋ ಈಗಲೂ ಇದೆ. ಅದರಲ್ಲಿ ಹೊಗೆ, ಆಯಿಯ ಅರ್ಧ ಸೀರೆ, ಎರಡು ಕೈಗಳು. ಯಾರ ಕೈ ಎಂದು ಹೇಳಲಾಗದು.

ಅಷ್ಟರಲ್ಲಿ ಅಂಗಡಿಯವನು ರೂಢಿಯಂತೆ, ನಾನು ಹೇಳದೆಯೇ, ನನ್ನ ತಟ್ಟೆ ತಂದು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟು ಹೋದ. ಎರಡು ಕೋಳಿಯ ಕಾಲು, ಈರುಳ್ಳಿ. ತಾಡಪಾಲು ಹುಡುಕುವಂತೆ ನನ್ನ ಕಣ್ಣು ಸುತ್ತ ಓಡಾಡಿತು. ತಟ್ಟೆಯನ್ನು ಬೆನ್ನ ಹಿಂದೆ ಸರಿಸಲು ನೋಡಿದೆ. ಮಾವ ತಲೆ ಎತ್ತಲಿಲ್ಲ.

“ಅಳಿಯಾರ,” ಎಂದರು, ಕೆಂಡ ನೋಡುತ್ತಲೇ. “ನಿಮ್ಮದು ಆರಾಕತ್ತೈತಿ. ತಿನ್ರಿ.”

ಮದುವೆಯಾದ ಮೇಲೆ ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ನಾನು ಹಾಗೆ ಹೇಳಿದರೆ ಹೆಂಡತಿ ಒಪ್ಪುವುದಿಲ್ಲ. ನಾಸಿಕ್‌ನಲ್ಲಿ ಒಮ್ಮೆ ಫ್ಯಾನು ಆರಿಸಲು ಹೇಳಿದ್ದರಂತೆ. ಇರಬಹುದು. ಮಗಳು ನಗು ತಡೆಯಲಾರದೆ, “ಅಜ್ಜಾ, ನಿಮಗ ಚಾಲತಂ ನಾ?” ಎಂದಳು, ನಿಮಗೆ ನಡೆಯುತ್ತದಲ್ಲವೇ ಎಂದು. ಅಜ್ಜನಿಗೆ ಮರಾಠಿ ತಿಳಿಯಲಿಲ್ಲವೋ, ತಿಳಿಯದವರಂತೆ ಇದ್ದರೋ. ನಾನು ಅವರಿಗೆ ಬೆನ್ನು ಮಾಡಿ ಕೂತು ತಿಂದೆ. ರುಚಿಯ ಬಗ್ಗೆ ನನಗೆ ಏನೂ ನೆನಪಿಲ್ಲ.

ಆಯಿಯ ಒಣ ಬೆಳ್ಳುಳ್ಳಿ ಚಟ್ನಿ ನೆತ್ತಿಗೇರಿ ಮಾವ ಕೆಮ್ಮಿದರು. ಹೆಂಡತಿ ತನ್ನ ಚೀಲದಿಂದ ಮನೆಯ ನೀರಿನ ಬಾಟಲಿ ತೆಗೆದು ಹಿಡಿದಳು. ಅವರು ತಮ್ಮ ಸ್ಟೀಲಿನ ಬಾಟಲಿಯ ಮುಚ್ಚಳ ತಿರುಗಿಸಿ, ಗುಡಿಯ ನೀರನ್ನು ಎತ್ತಿ ಕುಡಿದರು. ಅವಳು ತನ್ನದನ್ನು ಚೀಲಕ್ಕೆ ಮರಳಿಸಿದಳು. ಸಪ್ಪಗಾಗಿದ್ದಾಳೇನೋ ಎಂದು ನೋಡಿದೆ. ಹಾಗೇನಿಲ್ಲ, ಇನ್ನೊಂದು ತೆನೆ ತಿಕ್ಕುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳ ಅಂಗೈ ಕೆಂಪಾಗಿತ್ತು. ತುಪ್ಪ ಹಚ್ಚಲೇ ಎಂದರೆ ಬೇಡ ಎಂದಳು.

ಮೇಲೆ ಬರೆದಿದ್ದರಲ್ಲಿ ಒಂದನ್ನು ತಿದ್ದಬೇಕು. ಮಾವ ತಮ್ಮ ಬುತ್ತಿ ತಾವೊಬ್ಬರೇ ತಿನ್ನುತ್ತಿದ್ದರು ಎಂದಿದ್ದೇನೆ. ಆ ರಾತ್ರಿ ಹೆಂಡತಿಗೆ ಹಾಗೆ ಅಂದಾಗ ಅವಳಿಗೆ ಆಶ್ಚರ್ಯವಾಯಿತು. ಗಂಟು ಬಿಚ್ಚಿದ ಕೂಡಲೇ ಮೊದಲ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಅಪ್ಪ ಮೊದಲು ಕೊಡುತ್ತಿದ್ದದ್ದು ಮೊಮ್ಮಗಳಿಗೆ, ಆಮೇಲೆ ತನಗೆ. ಪ್ರತಿ ವರ್ಷ, ಪ್ರತಿ ಊಟಕ್ಕೆ. ನಿಮಗೂ ಒಂದು ತುಂಡು ತಟ್ಟೆಯಲ್ಲಿಟ್ಟು ಬದಿಗೆ ಸರಿಸುತ್ತಿದ್ದರಲ್ಲ, ನೀವೇ ತಿನ್ನುತ್ತಿದ್ದಿರಿ, ಎಂದಳು. ಮಗಳನ್ನು ಕೇಳಿದೆ. ಹೌದು ಎಂದಳು. ನಾನು ತಿಂದಿದ್ದೇನೆ ಹಾಗಾದರೆ. ಅವರು ಕೊಡುತ್ತಿದ್ದರು, ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೇ. ಇಷ್ಟು ವರ್ಷ ನನ್ನ ತಲೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬರೇ ರೊಟ್ಟಿ ಮುರಿಯುತ್ತಿದ್ದ ಮುದುಕರನ್ನು ಯಾರು ತಂದು ಕೂರಿಸಿದರೋ ತಿಳಿಯದು.

ಮರುದಿನ ಬೆಳಗ್ಗೆ ಅವರು ವೇರೂಳಿಗೆ ಹೊರಡುವವರಿದ್ದರು. ಗಂಟು ಬಿಚ್ಚಿದರು. ಈ ಸಲ ನಾನು ಕಣ್ಣಿಟ್ಟು ನೋಡಿದೆ. ಮೊದಲ ತುಂಡು ಮಗಳಿಗೆ, ಎರಡನೆಯದು ಹೆಂಡತಿಗೆ, ಮೂರನೆಯದು ತಟ್ಟೆಯ ಬದಿಗೆ. ನಾನು ತೆಗೆದುಕೊಂಡು ತಿಂದೆ. ನಮ್ಮ ಉಪ್ಪಿಟ್ಟು ಎಂದಿನಂತೆ ಅವರ ಕೈಗೆಟುಕುವಷ್ಟು ದೂರದಲ್ಲಿ ಆರುತ್ತ ಕೂತಿತ್ತು. ಅದನ್ನು ಅವರು ಎಂದಿನಂತೆ ನೋಡಲಿಲ್ಲ.

ತಿಂದಾದ ಮೇಲೆ ಬಾಟಲಿ ಎತ್ತಿ ಅಲುಗಾಡಿಸಿದರು. ಖಾಲಿ. ಗುಡಿಗೆ ಹೊರಡುತ್ತಾರೆಂದು ಮಗಳು ಅವರ ಚಪ್ಪಲಿ ತಂದಿಟ್ಟಳು. ಅವರು ಬಾಟಲಿಯನ್ನು ಹೆಂಡತಿಯ ಕಡೆ ಚಾಚಿದರು.

“ಇದನ್ನ ತುಂಬಿ ಕೊಡು. ಬಸ್ಸಿಗೆ ಹೊತ್ತಾಗತೈತಿ.”

ಇದು ಮೂವರಿಗೂ ಒಂದೇ ರೀತಿಯಲ್ಲಿ ನೆನಪಿದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು ಎಂಬುದೂ ಸೇರಿ. ಹೆಂಡತಿ ಅಡಿಗೆಮನೆಗೆ ಹೋದಳು. ಫಿಲ್ಟರಿನ ನಲ್ಲಿ ಸಣ್ಣಗೆ ಬರುತ್ತದೆ, ಬಾಟಲಿ ತುಂಬಲು ಸಮಯ ಹಿಡಿಯಿತು. ಕಂಠದ ತನಕ ತುಂಬಿ, ಮುಚ್ಚಳ ಕೂರದೆ, ತುಳುಕಿಸುತ್ತ ತಂದು ಕೊಟ್ಟಳು. ಮಾವ ಮುಚ್ಚಳಕ್ಕೆ ಜಾಗ ಮಾಡಲೆಂಬಂತೆ ಬಾಟಲಿಯನ್ನು ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ನುಂಗಿದರು. ಮುಖ ಸಿಂಡರಿಸಿದರು.

“ನಿಮ್ಮ ನೀರು ಬಾಳ ಸಪ್ಪಗ ಐತಿ,” ಎಂದು ಮುಚ್ಚಳ ತಿರುಗಿಸಿ, ಚಪ್ಪಲಿ ಮೆಟ್ಟಿದರು.

ಹೆಂಡತಿ ಆ ಮಾತನ್ನು ಅಂದು ಆಯಿಗೆ ಹೇಳಿದಳು, ಎದುರು ಮನೆಯವರಿಗೆ ಹೇಳಿದಳು, ಸಂಜೆ ತನ್ನ ತಂಗಿಗೆ ಫೋನ್ ಮಾಡಿ ಹೇಳಿದಳು: ಅಪ್ಪ ನಮ್ಮ ಮನೆಯ ನೀರು ಸಪ್ಪಗಿದೆ ಅಂದರು ಎಂದು. ತಂಗಿ ಅದಕ್ಕೇನೆಂದಳೋ ಗೊತ್ತಿಲ್ಲ. ಇವಳು ನಗುತ್ತಲೇ ಇದ್ದಳು.